ನಿಲ್ಲಬೇಕಿದ್ದ ಫ್ಯಾನು

ದೆವ್ವ, ದೈವ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವನು. ನಾನಿದ್ದ ಕಾರ್ಖಾನೆಯಲ್ಲಿ ಟ್ಯಾಂಕು ತೊಳೆಯುತ್ತಿದ್ದ ಅಬಲೂರಿನ ಫಕ್ಕೀರಪ್ಪ ಅಮಾವಾಸ್ಯೆಗೊಮ್ಮೆ ಕಂಟ್ರೋಲ್ ಪ್ಯಾನೆಲ್ಲಿಗೆ ವಿಭೂತಿ ಹಚ್ಚಿದರೆ, ಅವನು ಆಚೆ ಹೋದ ಮೇಲೆ ಬಟ್ಟೆ ಹಿಡಿದು ಒರೆಸುತ್ತಿದ್ದವನೂ ನಾನೇ. ಬೂದಿ ಒಳಗಿಳಿದರೆ ಯಂತ್ರ ಕೆಡುತ್ತದೆ, ನನಗೆ ಗೊತ್ತಿದ್ದ ಶಾಸ್ತ್ರ ಅಷ್ಟೇ.

ಕೆಲವು ವರ್ಷಗಳ ಹಿಂದಿನ ಮಾತು. ಶಿಗ್ಗಾವಿಯಿಂದ ಸವಣೂರಿಗೆ ಹೋಗುವ ಹಾದಿಯಲ್ಲಿ, ಗೋವಿನಜೋಳದಿಂದ ಸ್ಟಾರ್ಚ್ ತೆಗೆಯುವ ಕಾರ್ಖಾನೆ ಅದು. ಅಲ್ಲಿನ ಮೋಟಾರು, ವಾಲ್ವುಗಳನ್ನು ನಡೆಸುವ ಕಂಟ್ರೋಲರುಗಳು ಎರಡು, ಅವನ್ನು ನೋಡಿಕೊಳ್ಳುವ ಕೆಲಸ ನನ್ನದು. ಒಂದು ದುಡಿಯುತ್ತದೆ. ಇನ್ನೊಂದು, ಮೊದಲನೆಯದು ಮಾಡುವುದನ್ನೆಲ್ಲ ಕ್ಷಣಕ್ಷಣಕ್ಕೂ ತನ್ನೊಳಗೆ ಇಳಿಸಿಕೊಳ್ಳುತ್ತ ಸುಮ್ಮನೆ ಕೂತಿರುತ್ತದೆ. ಮೊದಲನೆಯದು ಸತ್ತರೆ ಎರಡನೆಯದು ಆ ಗಳಿಗೆಯಲ್ಲೇ ಕೆಲಸ ಎತ್ತಿಕೊಳ್ಳುತ್ತದೆ. ಓಡುವ ಮೋಟಾರಿಗೆ ಯಜಮಾನ ಬದಲಾದದ್ದೂ ತಿಳಿಯುವುದಿಲ್ಲ. ಎರಡೂ ಸತ್ತರೆ ಎಲ್ಲವೂ ನಿಲ್ಲಬೇಕು. ಕಟ್ಟಿದ್ದೇ ಹಾಗೆ.

ಆ ದಿನ ಎರಡನೆಯದು ಕೆಟ್ಟಿತ್ತು. ಬಿಚ್ಚಿ ರಿಪೇರಿಗೆ ಕಳಿಸಿದ್ದೆ. ಪ್ಯಾನೆಲ್ಲಿನಲ್ಲಿ ಅದರ ಜಾಗ ಖಾಲಿ. ನನಗೂ ಜೋಡಿ ಇರಲಿಲ್ಲ. ಹಾನಗಲ್ಲಿನಿಂದ ಬರಬೇಕಿದ್ದ ಜೊತೆಗಾರ ಬಾರದೆ, ರಾತ್ರಿ ಪಾಳಿ ಮುಗಿಸಿದವನು ಹಗಲಿಗೂ ಕೂತಿದ್ದೆ. ಕಣ್ಣು ಉರಿಯುತ್ತಿತ್ತು. ಮಧ್ಯಾಹ್ನ ಫಕ್ಕೀರಪ್ಪ ಜೋಳ ನೆನೆಹಾಕುವ ಟ್ಯಾಂಕನ್ನು ತೊಳೆಯಲು ಅದರೊಳಗೆ ಇಳಿದ. ನೆನೆಸುವ ನೀರಿಗೆ ಗಂಧಕದ ಹೊಗೆ ಬೆರೆಸಿರುತ್ತಾರೆ, ನೀರು ಖಾಲಿ ಮಾಡಿದ ಮೇಲೂ ತಳದಲ್ಲಿ ಅದು ಉಳಿಯುತ್ತದೆ. ಅದನ್ನು ಹೊರಗೆಳೆಯುವ ಫ್ಯಾನನ್ನು ನಡೆಸುವುದೂ ಆ ಕಂಟ್ರೋಲರೇ. ಫ್ಯಾನು ನಿಂತರೆ ಒಳಗಿದ್ದವನ ಜೀವಕ್ಕೇ ಸಂಚಕಾರ.

ಆಗಲೇ ಉಳಿದಿದ್ದ ಕಂಟ್ರೋಲರೂ ಸತ್ತಿತು. ಅದರ ದೀಪಗಳೆಲ್ಲ ಆರಿದವು. ಪಂಪು, ಗಿರಣಿ, ಬೆಲ್ಟು ನಿಂತು ಕಾರ್ಖಾನೆಯ ಸದ್ದಡಗಿತು. ಫಕ್ಕೀರಪ್ಪ ಹೋದ ಎಂದೇ ಓಡಿದೆ. ಟ್ಯಾಂಕಿನ ಏಣಿ ಹತ್ತುವಾಗ ಕೇಳಿಸಿತು, ಫ್ಯಾನು ತಿರುಗುತ್ತಿತ್ತು.

"ಫಕ್ಕೀರಪ್ಪ, ಲಗೂನ ಮ್ಯಾಲ ಬಾ."

"ಬರ್ತೇನಿ ತಡೀರಿ ಸಾಹೇಬ್ರ, ಇನ್ನೊಂದೀಟ ಐತಿ."

"ಇರ್ಲಿ ಬಿಡು, ಬಾ ಮೊದ್ಲ."

ಅವನು ಸಾವಕಾಶವಾಗಿ ಹತ್ತಿ ಬಂದು ಹೊರಗಿನ ಏಣಿ ಇಳಿದ. ಅವನ ಕಾಲು ನೆಲಕ್ಕೆ ತಾಗಿತು. ಫ್ಯಾನು ನಿಂತಿತು.

ಅದರ ಸ್ವಿಚ್ಚು ಒಳಗೆ ಅಂಟಿಕೊಂಡಿತ್ತೇನೋ ಎಂದು ಬಿಚ್ಚಿ ನೋಡಿದೆ. ಅಂಟಿದ ಗುರುತಿರಲಿಲ್ಲ. ತಂತಿ ಹಿಡಿದು ಹುಡುಕಿದೆ. ಕರೆಂಟು ಬೇರೆ ದಾರಿಯಿಂದಲೂ ಬಂದಿರಲಿಲ್ಲ. ಆಮೇಲೆ ಬಂದ ಎಂಜಿನಿಯರು "ಒಮ್ಮೊಮ್ಮೆ ಹಂಗ ಆಗ್ತದರಿ" ಎಂದು ಚಹಾ ಕುಡಿದು ಹೋದರು.

ಫಕ್ಕೀರಪ್ಪನಿಗೆ ಮಾತ್ರ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. "ಒಂದ ಹೋದ್ರ ಇನ್ನೊಂದ ಹಿಡೀತೈತಿ ಅಂತ ನೀವ ಹೇಳ್ತಿದ್ರಲ್ರಿ."

"ಇನ್ನೊಂದ ಅಲ್ಲಿ ಇರಲೇ ಇಲ್ಲೋ ಮಾರಾಯಾ. ಬಿಚ್ಚಿ ಕಳಿಸೇನಿ."

"ಹೌದೇನ್ರಿ," ಎಂದು ಅವನು ತಂಬಾಕು ತಿಕ್ಕತೊಡಗಿದ.

ಮುಂದಿನ ಅಮಾವಾಸ್ಯೆಗೂ ರಿಪೇರಿಗೆ ಹೋದದ್ದು ವಾಪಸಾಗಿರಲಿಲ್ಲ. ಸತ್ತದ್ದರ ಬದಲು ನಾನು ಹೊಸದಾಗಿ ಕೂರಿಸಿದ್ದ ಒಂದೇ ಕಂಟ್ರೋಲರಿಗೆ ಫಕ್ಕೀರಪ್ಪ ವಿಭೂತಿ ಎಳೆದ, ಪಕ್ಕದ ಖಾಲಿ ಜಾಗದ ತಗಡಿಗೂ ಎಳೆದು ಹೋದ. ನಾನು ಎಂದಿನಂತೆ ಬಟ್ಟೆ ತೆಗೆದುಕೊಂಡು ಕಂಟ್ರೋಲರಿನ ಮೇಲಿನದನ್ನು ಒರೆಸಿದೆ. ಖಾಲಿ ಜಾಗದ್ದನ್ನು ಒರೆಸಲು ಕೈ ಬರಲಿಲ್ಲ.