ಇಳಿದ ಸೆಲ್ಲಿನ ಗಿಟಾರು

ಗಂಡನ ಹೆಸರು ಬಾಯಲ್ಲಿ ಹೇಳೋ ಪದ್ಧತಿ ನಮ್ಮಲ್ಲಿಲ್ಲ. ಆದ್ರೆ ಈ ವಿಷಯ ಬಂದಾಗೆಲ್ಲ ನಂಗೆ ಸಿಟ್ಟು ನೆತ್ತಿಗೇರ್ತದೆ, ಹೇಳೇಬುಡ್ತೀನಿ: ಸುರೇಂದ್ರ. ಪಾಳ್ಯದ ಲಕ್ಕಯ್ಯನೋರ ಮಗ. ಸಕಲೇಶಪುರದಾಚೆ ಒಂದು ಕಾಫಿ ಎಸ್ಟೇಟಲ್ಲಿ ರೈಟರ್. ರೈಟರ್ ಅಂದ್ರೆ ಕತೆ ಬರೆಯೋರಲ್ಲ ಕಣ್ರೀ, ಆಳುಗಳ ಹಾಜರಿ ಬರೆಯೋರು. ಬೆಳಿಗ್ಗೆ ಆಳುಗಳಿರೋ ಲೈನ್ ಮನೆಗಳ ಮುಂದೆ ನಿಂತು ಹೆಸರು ಕೂಗೋದು, ಕಳೆಗೆ ಯಾರು ಗೊಬ್ಬರಕ್ಕೆ ಯಾರು ಅಂತ ಹಂಚೋದು, ಸಾಯಂಕಾಲ ಮ್ಯಾನೇಜರ್ ಬಂಗ್ಲೆಗೆ ಹೋಗಿ ಲೆಕ್ಕ ಒಪ್ಸೋದು. ಇಂಥಾ ಮನುಷ್ಯಂಗೆ ಗಿಟಾರ್ ಹುಚ್ಚು.

ಹುಚ್ಚು ಹತ್ತಿದ್ದು ನನ್ನ ಮದುವೆಗೂ ಮುಂಚೆ. ಆಗಿದ್ದ ಮ್ಯಾನೇಜರ್ ಹತ್ರ ಇಂಗ್ಲಿಷ್ ಕ್ಯಾಸೆಟ್ಟು ರಾಶಿ ಇತ್ತಂತೆ. ಡೀಪ್ ಪರ್ಪಲ್, ಲೆಡ್ ಜೆಪ್ಪೆಲಿನ್, ಪಿಂಕ್ ಫ್ಲಾಯ್ಡ್. ನಂಗಂತೂ ಇವೆಲ್ಲ ಗೊಬ್ಬರದ ಕಂಪ್ನಿ ಹೆಸರಿದ್ದಂಗೆ ಕೇಳ್ತವೆ. ಒಂದಿನ ಹಾಜರಿ ಒಪ್ಸೋಕೆ ಹೋದೋರು ಬಂಗ್ಲೆ ಮೆಟ್ಲಲ್ಲೇ ನಿಂತ್ಬುಟ್ರಂತೆ. ಒಳಗೆ ಗಿಟಾರು ಒಂದೇ ಅಳೋ ಹಂಗೆ ಶುರುವಾಗಿ, ಆಮೇಲೆ ಉಳಿದ ವಾದ್ಯ ಎಲ್ಲಾ ಒಟ್ಟಿಗೆ ಎದ್ದು ಬಂದ್ವಂತೆ. "ಮೈಯೆಲ್ಲ ಜುಂ ಅಂತು ಕಣೆ ಗಂಗಾ" ಅಂತ ಮದುವೆಯಾದ ಹೊಸದ್ರಲ್ಲಿ ನಂಗೆ ಹೇಳಿದ್ರು. ನನ್ನ ನೋಡಿ ಅಂಥಾ ಮಾತು ಒಂದಿನಾನೂ ಅಂದಿಲ್ಲ, ಹೋಗ್ಲಿ ಬುಡಿ.

ನಮ್ಮ ಮದುವೆಯಾಗಿ ವರ್ಷ ಕಳೆದ ಮೇಲೆ ಆ ಮ್ಯಾನೇಜರ್‌ಗೆ ಬೇರೆ ಎಸ್ಟೇಟಿಗೆ ವರ್ಗ ಆಯ್ತು. ಹೋಗೋವಾಗ ಒಂದು ಹಳೇ ಮರದ ಗಿಟಾರು, ಒಂದು ಪೆಟ್ಟಿಗೆ ಕ್ಯಾಸೆಟ್ಟು ಇವರ ಕೈಲಿಟ್ಟು, "ಕಲ್ತ್ಕೋ ಸುರೇಂದ್ರ, ಕೇಳಿ ಕೇಳೇ ಬರ್ತದೆ" ಅಂದ್ರಂತೆ. ಪುಣ್ಯಾತ್ಮ. ಅಷ್ಟಂದು ಜೀಪು ಹತ್ತಿ ಹೋದ. ಅನುಭವಿಸಿದ್ದು ನಾನು.

ಕೇಳಿ ಕೇಳೇ ಕಲೀಬೇಕು ಅಂದ್ರೆ ಕೇಳೋಕೊಂದು ಟೇಪು ಬೇಕಲ್ಲ? ನಮ್ಮಪ್ಪ ಮದುವೇಲಿ ಕೊಟ್ಟಿದ್ದ ಟೇಪ್ ರೆಕಾರ್ಡರ್ ಇತ್ತು. ಈ ಕ್ಯಾಸೆಟ್ಟು ಮನೆಗೆ ಬರೋಕೆ ಮುಂಚೆನೇ ಸಿಡಿಲು ಹೊಡೆದು ಅದರ ಕರೆಂಟಿನ ಭಾಗ ಸುಟ್ಟೋಗಿತ್ತು. ಆಮೇಲೆ ಓಡಿದ್ದೆಲ್ಲ ಸೆಲ್ಲಲ್ಲೇ. ಇನ್ನು ಸೆಲ್ಲಿನ ಕತೆ ಕೇಳಿ. ಆನೆ ಕಾಟ ಶುರುವಾದ ಮೇಲೆ ನಮ್ಮ ಕಡೆ ಮನೇಲಿ ಅಕ್ಕಿ ಇಲ್ದಿದ್ರೂ ಟಾರ್ಚಲ್ಲಿ ಸೆಲ್ಲಿರ್ಬೇಕು. ಕತ್ತಲಾದ್ಮೇಲೆ ಬಚ್ಚಲಿಗೆ ಹೋಗ್ಬೇಕಾದ್ರೂ ಮೊದಲು ಬೆಳಕು ಬಿಟ್ಟು ತೋಟದ ಅಂಚು ನೋಡ್ಬೇಕು. ಅದಕ್ಕೆ ನಮ್ಮತ್ತೆ ಲಿಂಗಮ್ಮ ಒಂದು ಕಾನೂನು ಮಾಡಿದ್ರು. ಹೊಸ ಸೆಲ್ಲು ಟಾರ್ಚಿಗೆ. ಟಾರ್ಚು ಮಂಕಾದ್ರೆ ಆ ಸೆಲ್ಲು ಅತ್ತೆಯ ದೇವರ ಪದದ ಕ್ಯಾಸೆಟ್ಟಿಗೆ. ದೇವರ ಪದ ಎಳೆಯೋಕೆ ಶುರುವಾಯ್ತು ಅಂದ್ರೆ ಅತ್ತೆಗೆ ತಕ್ಷಣ ಗೊತ್ತಾಗೋದು, "ಹಾಡೋನು ಕುಡ್ದವನಂಗೆ ಹಾಡ್ತಾವ್ನೆ, ತಗೀರೋ ಇದ್ನ" ಅಂತ ಕೂಗೋರು. ಆಗ ಆ ಸೆಲ್ಲನ್ನ ತೆಗೆದು, ಒಲೆ ದಂಡೆ ಮೇಲೆ ಬೆಚ್ಚಗಿಟ್ಟು, ಆಮೇಲೆ ನಮ್ಮನೆಯೋರ ಇಂಗ್ಲಿಷ್ ಕ್ಯಾಸೆಟ್ಟಿಗೆ ಕೊಡೋದು.

"ಇಂಗ್ಲಿಷ್‌ಗೆ ಅಷ್ಟು ಸಾಕು" ಅನ್ನೋರು ಅತ್ತೆ.

ಕನ್ನಡದ ಪದ ಎಳೆದ ಸೆಲ್ಲು ಇಂಗ್ಲಿಷನ್ನೂ ಎಳೀತದೆ ಅಂತ ಈ ಮನೇಲಿ ಒಂದು ಪ್ರಾಣಿಗೂ ಹೊಳೀಲಿಲ್ಲವಲ್ಲ! ಅದನ್ನ ನೆನೆಸ್ಕಂಡ್ರೆ ನನ್ನ ಹಣೆ ನಾನೇ ಚಚ್ಕಬೇಕು ಅನ್ನಿಸ್ತದೆ. ಬಂಗ್ಲೆ ಮೆಟ್ಲಲ್ಲಿ ಇವರು ಕೇಳಿದ್ದು ಯಾವತ್ತೋ, ಆ ದನಿ ಮರ್ತೇ ಹೋಗಿತ್ತು. ಹಾಡೋರ ದನಿ ಹೊಟ್ಟೆ ತಳದಿಂದ ಬರೋದು. ಬಿಳೀ ಜನ ದೊಡ್ಡ ಆಳು, ದನಿ ಹಂಗೇ ಇರ್ತದೆ ಅಂದ್ಕಂಡ್ವಿ. ಹಾಡು ಮೆಲ್ಲಗೆ ಹೋಗೋದು. ಅವರ ರಾಗವೇ ಹಂಗೇನೋ ಅಂದ್ಕಂಡ್ವಿ. ಇವರು ಆ ಇಳಿದ ದನಿಗೆ ಸರಿಯಾಗಿ ತಂತಿ ಸಡಿಲ ಮಾಡ್ಕಂಡು, ಒಂದೊಂದು ತುಣುಕನ್ನೂ ಹಿಂದಕ್ಕೆ ತಿರುಗ್ಸಿ ತಿರುಗ್ಸಿ ಕೇಳಿ, ಬೆರಳು ದಡ್ಡುಗಟ್ಟೋವರ್ಗೂ ಬಾರಿಸಿ ಕಲ್ತರು. ವರ್ಷಗಟ್ಲೆ.

ಸುಳ್ಳು ಯಾಕೆ ಹೇಳ್ಲಿ, ಕೊನೆಕೊನೆಗೆ ನಂಗೂ ಒಗ್ಗೋಗಿತ್ತು. ಹಾಡಿನ ಹೆಸರು ನಂಗೆ ಬರ್ತಿರ್ಲಿಲ್ಲ, ನಾನೇ ಹೆಸರಿಟ್ಕಂಡಿದ್ದೆ. ಒಂದು ದೊಡ್ಡ ಹಾಡು ರುಬ್ಬೋ ಹಾಡು. ಇವರು ಜಗಲೀಲಿ ಅದನ್ನ ಬಾರಿಸ್ತಿದ್ರೆ ಒಳಗೆ ನಾನು ಒರಳಲ್ಲಿ ದೋಸೆ ಹಿಟ್ಟು ರುಬ್ಬೋಕೆ ಕೂರ್ತಿದ್ದೆ. ಗುಂಡು ಒಂದು ಸುತ್ತು ತಿರುಗೋದಕ್ಕೂ ಅವರ ತಂತಿ ಒಂದ್ಸಲ ಮಿಡಿಯೋದಕ್ಕೂ ಸರಿಹೋಗೋದು. ಹಿಟ್ಟು ನುಣ್ಣಗಾಗೋ ಹೊತ್ತಿಗೆ ಹಾಡು ಮುಗಿಯೋದು.

ಲೈನಿನ ಹೆಂಗಸ್ರು ಆಡ್ಕಂಡು ನಗೋರು. "ರೈಟರಮ್ಮ, ನಿಮ್ಮ ಯಜಮಾನ್ರು ಕೈಕಾಲು ಕಟ್ಟಾಕಿದ ಬೆಕ್ಕಿನಂಗೆ ಗಿಟಾರ್ ಕೂಗುಸ್ತಾರಲ್ಲ" ಅನ್ನೋರು. ನಾನೇನು ಕಮ್ಮಿ? "ನಿಮ್ಮ ಗಂಡಂದ್ರು ಕುಡ್ದು ಕೂಗೋದಕ್ಕಿಂತ ವಾಸಿ ಕಣ್ರೇ" ಅಂತಿದ್ದೆ. ಆದ್ರೆ ಇವರಿಗೆ ಒಂದೇ ಒಂದು ಆಸೆ ಇತ್ತು, ಅದು ನಂಗೊತ್ತಿತ್ತು. ಒಂದ್ಸಲ, ಜೀವಮಾನದಲ್ಲಿ ಒಂದೇ ಒಂದ್ಸಲ, ಡ್ರಮ್ಮು ಗಿಮ್ಮು ಎಲ್ಲಾ ಇರೋ ಬ್ಯಾಂಡ್ ಜೊತೆ ಸ್ಟೇಜ್ ಮೇಲೆ ನಿಂತು ಬಾರಿಸ್ಬೇಕು ಅಂತ. ಅಂಥಾ ಬ್ಯಾಂಡು ಈ ಗುಡ್ಡಕ್ಕೆ ಎಲ್ಲಿಂದ ಬರ್ಬೇಕು?

ಬಂತು ಕಣ್ರೀ. ಎರಡು ಸಾವಿರದ ನಾಲ್ಕರಲ್ಲಿ. ನಮ್ಮ ಸಾಹುಕಾರ್ರು ಸಕಲೇಶಪುರದ ಕ್ಲಬ್ಬಲ್ಲಿ ದೊಡ್ಡ ಪಾರ್ಟಿ ಇಟ್ಕಂಡಿದ್ರು. ಹಾಸನದ ಕಾಲೇಜು ಹುಡುಗ್ರ ಬ್ಯಾಂಡನ್ನ ಕರೆಸಿದ್ರು. ಆ ಹುಡುಗ್ರು ಬಾರಿಸೋದೆಲ್ಲ ಇದೇ ಹಳೇ ರಾಕ್ ಬ್ಯಾಂಡುಗಳ ಹಾಡು. ಪಾರ್ಟಿಗೆ ಇನ್ನೊಂದು ವಾರ ಐತೆ ಅನ್ನೋವಾಗ ಅವರಲ್ಲಿ ಒಬ್ಬ ಗಿಟಾರಿನವನು ಬೈಕಿಂದ ಬಿದ್ದು ಕೈ ಮುರ್ಕಂಡ. ಸಾಹುಕಾರ್ರು ತಕ್ಷಣ, "ಅದಕ್ಯಾಕೆ ಯೋಚ್ನೆ, ನಮ್ಮ ರೈಟರ್ ಬಾರಿಸ್ತಾನೆ, ಅವನಿಗೆ ಇವೆಲ್ಲ ಬಾಯಿಪಾಠ" ಅಂದ್ಬುಟ್ರು. ಇವರಿಗೆ ಆವತ್ತು ಊಟ ಸೇರ್ಲಿಲ್ಲ. ಇದ್ದಿದ್ದೊಂದು ಒಳ್ಳೇ ಶರ್ಟನ್ನ ತಾವೇ ಇಸ್ತ್ರಿ ಮಾಡ್ಕಂಡ್ರು.

ಭಾನುವಾರ ಹುಡುಗ್ರು ಪ್ರಾಕ್ಟೀಸಿಗೆ ಎಸ್ಟೇಟಿಗೇ ಬಂದ್ರು. ಕಾಫಿ ಮೂಟೆ ಇಡೋ ಸ್ಟೋರಲ್ಲಿ ಜಾಗ ಮಾಡಿ ಕೊಟ್ರು. ಅವರ ಮುಂದಾಳು ಲೋಹಿತ್ ಅಂತ, ಇನ್ನೊಬ್ಬ ಗಿಟಾರಿನವನು, ಒಳ್ಳೇ ಹುಡುಗ. ನಾನು ಕಾಫಿ ತಗಂಡು ಹೋಗಿ ಬಾಗಿಲಲ್ಲೇ ನಿಂತೆ. ಶುರುವಾಗಿ ಎರಡು ಮಿಡಿತ ಆಗಿಲ್ಲ, ಡ್ರಮ್ಮಿನವನು ನಿಲ್ಲಿಸ್ದ.

"ಅಣ್ಣ, ನಿಮ್ಮ ತಂತಿ ತುಂಬಾ ಇಳಿದೈತೆ" ಅಂದ ಲೋಹಿತ್. ತಾನೇ ಬಂದು ಬಿಗಿ ಮಾಡಿ ಕೊಟ್ಟ. ಮತ್ತೆ ಶುರು. ಈ ಸಲ ದನಿ ಕೂಡ್ತು, ಆದ್ರೆ ಹುಡುಗ್ರು ಹಿಂದೆ ನಾಯಿ ಬಿದ್ದಂಗೆ ಓಡ್ತಾವ್ರೆ, ಇವರು ಗೌರಮ್ಮನ ಮೆರವಣಿಗೆಯಂಗೆ ಹೋಗ್ತಾವ್ರೆ.

"ಅಣ್ಣ, ಸ್ವಲ್ಪ ಸ್ಪೀಡು."

"ನೀವೇ ಓಡಿಸ್ತಿದ್ದೀರಪ್ಪ. ಹಾಡು ಇರೋದು ಹಿಂಗಲ್ಲ" ಅಂದ್ರು ಇವರು. ಹುಡುಗ್ರು ಮುಖ ಮುಖ ನೋಡ್ಕಂಡ್ರು. ಇವರಿಗೆ ಹಟ ಬಂತು, ಮನೆಗೆ ಹೋಗಿ ನಮ್ಮ ಟೇಪನ್ನೇ ಎತ್ಕಂಡು ಬಂದು ಮೂಟೆ ಮೇಲಿಟ್ಟು ಹಾಕಿದ್ರು. ರುಬ್ಬೋ ಹಾಡು. ನಂಗೆ ಹೆಮ್ಮೆ, ಈಗ ಹುಡುಗ್ರಿಗೆ ಗೊತ್ತಾಗ್ತದೆ ಅಂತ.

ಲೋಹಿತ್ ಒಂದು ಗಳಿಗೆ ಕೇಳ್ದ. ಬಗ್ಗಿ ಟೇಪಿನ ಹಿಂದಿನ ಮುಚ್ಚಳ ತೆಗ್ದ. "ಅಣ್ಣ, ಈ ಸೆಲ್ಲಲ್ಲಿ ಜೀವಾನೇ ಇಲ್ವಲ್ಲ" ಅಂದ. ತನ್ನ ಚೀಲದಿಂದ ಹೊಸ ಸೆಲ್ಲು ತೆಗೆದು ಹಾಕ್ದ. ಅಯ್ಯೋ ದೇವರೇ, ಆ ಹಾಡು ಎದ್ದು ಓಡ್ತು ನೋಡಿ! ಗಂಭೀರವಾಗಿ ಹಾಡ್ತಿದ್ದ ಮನುಷ್ಯ ಚಿಕ್ಕ ಹುಡುಗನಂಗೆ ಕಿರುಚ್ತಾವ್ನೆ. ಡ್ರಮ್ಮಿನವನು ಕಿಸಕ್ಕಂತ ನಕ್ಕ. ಲೋಹಿತ್ ಅವನನ್ನ ದುರುಗುಟ್ಟಿ ನೋಡ್ದ. ನಮ್ಮನೆಯೋರು ಟೇಪನ್ನೇ ನೋಡ್ತಾ ನಿಂತ್ಕಂಡ್ರು. ಹಾಡು ಪೂರ್ತಿ ಮುಗಿಯೋವರ್ಗೂ ಯಾರೂ ಆಫ್ ಮಾಡ್ಲಿಲ್ಲ.

ಮನೆಗೆ ಬಂದು ನಾನು ಅತ್ತೆ ಮೇಲೆ ಹಾರಾಡ್ದೆ. "ಇಂಗ್ಲಿಷ್‌ಗೆ ಅಷ್ಟು ಸಾಕು ಅಂತಿದ್ರಲ್ಲ, ನೋಡಿ ಈಗ!" ಅಂದೆ. ಅತ್ತೆ ಬುಡ್ತಾರಾ? "ಆನೆ ಬಂದಾಗ ಗಿಟಾರ್ ತೋರ್ಸ್ತಿದ್ಯೇನೇ?" ಅಂದ್ರು. ಅದೂ ನಿಜವೇ. ಬಯ್ಯೋಕೂ ಸರಿಯಾಗಿ ಒಬ್ರು ಸಿಗಲ್ಲ ಈ ಮನೇಲಿ.

ಆ ವಾರವೆಲ್ಲ ಇವರು ಹೊಸ ಸೆಲ್ಲು ಹಾಕ್ಕಂಡು ಮತ್ತೆ ಮೊದಲಿಂದ ಕೂತ್ರು. ಹಾಜರಿ ಕೂಗಿ ಬಂದು ಕೂತ್ರು, ಬಂಗ್ಲೆಗೆ ಹೋಗಿ ಬಂದು ಕೂತ್ರು. ಬಿಗಿ ತಂತಿ ಬೆರಳು ಸೀಳ್ತು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿ ಬಾರಿಸಿದ್ರು. ಆಗ್ಲಿಲ್ಲ. ಅವಸರ ಮಾಡಿದ್ರೆ ತಪ್ಪೋದು, ತಪ್ಪದಂಗೆ ಬಾರಿಸೋಣ ಅಂದ್ರೆ ಕೈ ತಾನಾಗೇ ಹಳೇ ದಾರಿಗೆ ಇಳಿಯೋದು. ಗಾಡಿ ಎತ್ತನ್ನ ಮೋಟಾರ್ ರಸ್ತೇಲಿ ಓಡಿಸಿದಂಗೆ. ಪಾರ್ಟಿಗೆ ಮುಂಚಿನ ದಿನ ಗಿಟಾರನ್ನ ಮೂಲೆಗಿಟ್ಟು, "ನಾನು ಹೋಗಲ್ಲ ಕಣೆ" ಅಂದ್ರು.

ನಂಗೆ ಎಲ್ಲಿತ್ತೋ ಸಿಟ್ಟು. "ಇಷ್ಟು ವರ್ಷ ನನ್ನ ಕಿವಿ ತೂತು ಮಾಡಿ ಈಗ ಹೋಗಲ್ಲ ಅಂತೀರಾ? ಸಾಹುಕಾರ್ರು ಊರಿಗೆಲ್ಲ ಹೇಳ್ಕಂಡು ಬಂದವ್ರೆ. ತಪ್ಪಾದ್ರೆ ತಪ್ಪಾಗ್ಲಿ, ಸ್ಟೇಜ್ ಮೇಲೆ ನಿಂತ್ಕಳ್ರಿ ಒಂದ್ಸಲ!" ಅಂದೆ. ಅವರು ಎದ್ದು ಶರ್ಟನ್ನ ಮತ್ತೆ ಇಸ್ತ್ರಿ ಮಾಡ್ಕಂಡ್ರು.

ಶನಿವಾರ ಸಾಯಂಕಾಲ ಎಸ್ಟೇಟಿನ ಟ್ರ್ಯಾಕ್ಟರಲ್ಲಿ ಲೈನಿನವ್ರೆಲ್ಲ ಕ್ಲಬ್ಬಿಗೆ ಹೋದ್ವಿ. ನಮ್ಮಂಥೋರಿಗೆ ಒಳಗೆ ಜಾಗ ಇಲ್ಲ, ಅಡುಗೆಮನೆ ಕಡೆಯ ಹುಲ್ಲಿನ ಮೇಲೆ ನಿಂತ್ಕಂಡ್ವಿ. ಸ್ಟೇಜು ಅಲ್ಲಿಂದ ಓರೆಯಾಗಿ ಕಾಣ್ತಿತ್ತು. ಕೈ ಮುರ್ಕಂಡ ಹುಡುಗನ ಕೆಂಪು ಕರೆಂಟ್ ಗಿಟಾರನ್ನ ಇವರ ಕೊರಳಿಗೆ ಹಾಕಿದ್ರು. ಇಸ್ತ್ರಿ ಶರ್ಟು, ಎಣ್ಣೆ ಹಾಕಿ ಬಾಚಿದ ತಲೆ. ಮದುವೆ ಮಂಟಪದಲ್ಲೂ ಅಷ್ಟು ಚೆಂದ ಕಂಡಿರ್ಲಿಲ್ಲ ಮಾರಾಯ್ರೆ.

ಹಾಡು ಶುರುವಾಯ್ತು. ಮೊದಲ್ನೇ ಹಾಡಲ್ಲಿ ಏನೋ ಒಂದೆರಡು ಕಡೆ ಕರ್ ಅಂತು, ಆಮೇಲೆ ಎಲ್ಲಾ ಸಲೀಸು. ಎರಡ್ನೇದು, ಮೂರ್ನೇದು, ಒಂದೂ ತಪ್ಪಿಲ್ಲ. ಲೈನಿನ ಹೆಂಗಸ್ರು, "ಅಬ್ಬಾ, ನಿಮ್ಮ ಯಜಮಾನ್ರಾ ಇವ್ರು!" ಅಂತ ನನ್ನ ತೋಳು ಹಿಡ್ಕಂಡ್ರು. ನಾನೂ ಹಿಗ್ಗಿದೆ. ವಾರದೊಳಗೆ ಹೆಂಗೋ ಕಲ್ತ್ಬುಟ್ರಲ್ಲ ಅಂತ ದೇವರಿಗೆ ಕೈ ಮುಗ್ದೆ.

ಕೊನೇಗೆ ರುಬ್ಬೋ ಹಾಡು ಬಂತು. ಆಗ ಅವರ ಕೈ ನೋಡ್ದೆ. ಆ ಹಾಡಿಗೆ ಅವರ ಬೆರಳು ಎಲ್ಲೆಲ್ಲಿ ಹೋಗ್ತದೆ ಅಂತ ನಂಗೆ ಕಣ್ಣು ಮುಚ್ಕಂಡ್ರೂ ಗೊತ್ತು. ಸ್ಟೇಜ್ ಮೇಲಿನ ಹಾಡು ಓಡ್ತಾ ಐತೆ, ಆ ಬೆರಳು ಓಡ್ತಿಲ್ಲ. ನನ್ನ ಒರಳು ಗುಂಡಿನ ಗತಿಗೆ, ಮೆಲ್ಲಗೆ, ಒಂದೊಂದೇ ಮಿಡೀತಾ ಐತೆ. ಹಂಗಾದ್ರೆ ಕೇಳ್ತಿರೋದು ಯಾರದ್ದು? ಕಣ್ಣು ಕೆಳಗೆ ಹೋಯ್ತು. ಅವರ ಗಿಟಾರಿನ ವೈರು ದನಿ ಹೊರಡೋ ಪೆಟ್ಟಿಗೆಗೆ ಹೋಗಿರ್ಲಿಲ್ಲ. ಕಾಲ ಹತ್ರ ಸತ್ತ ಹಾವಿನಂಗೆ ಬಿದ್ದಿತ್ತು. ಎರಡು ಗಿಟಾರಿನ ಪಾಲನ್ನೂ ಬಾರಿಸ್ತಿದ್ದೋನು ಲೋಹಿತ್ ಒಬ್ಬನೇ.

ಹಾಡು ಮುಗೀತು. ಒಳಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು, ನಮ್ಮ ಹೆಂಗಸ್ರು ಸಿಳ್ಳೆ ಹೊಡೆದ್ರು. ಆ ಗದ್ದಲದಲ್ಲಿ ನಮ್ಮನೆಯೋರು ತಲೆ ಬಗ್ಗಿಸ್ಕಂಡು ಇನ್ನೂ ಬಾರಿಸ್ತಾನೇ ಇದ್ರು. ಅವರ ಹಾಡು ಇನ್ನೂ ಉಳಿದಿತ್ತು. ಸಾಹುಕಾರ್ರು ಬಂದು ಬೆನ್ನು ತಟ್ಟಿ, "ಭೇಷ್ ಕಣೋ ಸುರೇಂದ್ರ!" ಅಂದಾಗ್ಲೇ ಕೈ ನಿಂತಿದ್ದು.

ನಂಗೆ ಮೈಯೆಲ್ಲ ಉರಿ ಹತ್ಕಂತು. ಯಾರು ತಡೆದ್ರೂ ನಿಲ್ಲದೆ ಸ್ಟೇಜಿನ ಹಿಂದಕ್ಕೆ ನುಗ್ಗಿದೆ. ಲೋಹಿತ್ ವೈರು ಸುತ್ತುತಾ ಕೂತಿದ್ದ. "ಏನೋ, ನನ್ನ ಗಂಡ ಅಂದ್ರೆ ನಿಮಗೆ ಬೆದರುಬೊಂಬೆನಾ? ಹೊಲದಲ್ಲಿ ನಿಲ್ಲಿಸ್ದಂಗೆ ನಿಲ್ಲಿಸ್ತೀರಾ? ವೈರು ಕಿತ್ತಾಕೋಕೆ ನಿಮಗೆ—"

"ಗಂಗಾ, ಸುಮ್ನಿರು." ನಮ್ಮನೆಯೋರು ಬಂದು ನನ್ನ ಕೈ ಹಿಡ್ಕಂಡ್ರು. "ಅದನ್ನ ಕಿತ್ತಿದ್ದು ನಾನೇ."

ನಾನು ಲೋಹಿತ್‌ನ ಬುಟ್ಟು ಇವರ ಕಡೆ ತಿರುಗಿದೆ.

"ಮೊದಲ್ನೇ ಹಾಡಲ್ಲೇ ಕಿತ್ತೆ. ಅವರ ಜೊತೆ ಹೋಗೋಕೆ ಆಗ್ಲಿಲ್ಲ. ನಂದು ಕೇಳಿಸಿದ್ರೆ ಅವರದ್ದು ಕೆಡ್ತಿತ್ತು. ಆದ್ರೆ ಕೈ ನಿಲ್ಲಿಸದೆ ಬಾರಿಸ್ದೆ ಕಣೆ, ಒಂದು ಕಡೆನೂ ತಪ್ಪಲಿಲ್ಲ."

"ಯಾರಿಗೆ ಕೇಳಿಸ್ತು ರೀ?" ಅಂದೆ.

"ಯಾರಿಗೂ ಇಲ್ಲ" ಅಂದ್ರು.

ಲೋಹಿತ್ ತಲೆ ಎತ್ತದೆ, "ಅಣ್ಣ, ಗಿಟಾರ್ ಕೊಡ್ತೀರಾ, ಸಾಮಾನು ಕಟ್ಟಬೇಕು" ಅಂದ. ಇವರು ಕೊರಳಿಂದ ಗಿಟಾರಿನ ಪಟ್ಟಿ ತೆಗೆದು, ಶರ್ಟಿನ ತುದಿಯಲ್ಲಿ ತಂತಿ ಮೇಲಿದ್ದ ರಕ್ತ ಒರೆಸಿ, ಗಿಟಾರನ್ನ ಅವನ ಕೈಗೆ ಕೊಟ್ರು. ಬಯ್ಯೋಕೆ ಅಂತ ಬಾಯ್ತುಂಬ ಮಾತು ಇಟ್ಕಂಡು ಬಂದೋಳು ನಾನು. ಯಾರನ್ನ ಬಯ್ಲಿ?