ಕತಾರ್‌ಗಾಮ್‌ನಿಂದ ಹೇಳಿದ ಒಂದು ‘ತಗಿ’

2023ರಲ್ಲಿ ನಾನು ವಿಮಾ ಸಂಸ್ಥೆಯೊಂದರ ಸೂರತ್ ವಿಭಾಗದಲ್ಲಿ ಸಿಸ್ಟಮ್ಸ್ ಅಧಿಕಾರಿಯಾಗಿದ್ದೆ. ಹುಟ್ಟೂರು ಧಾರವಾಡ, ಗುಜರಾತಿಗೆ ಬಂದು ಹತ್ತೊಂಬತ್ತು ವರ್ಷ, ನಿವೃತ್ತಿಗೆ ಎರಡೇ ವರ್ಷ ಬಾಕಿ. ಸರ್ವರ್ ಕೆಟ್ಟರೆ, ನೆಟ್‌ವರ್ಕ್ ಬಿದ್ದರೆ ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು. ನನಗೂ ಅದರ ಜಂಭ ಇತ್ತು, ಸುಳ್ಳು ಯಾಕೆ ಹೇಳಲಿ. ಈಗ ಹೇಳುವ ಕೇಸು ಕಚೇರಿಯ ಕಡತದಲ್ಲಿಲ್ಲ. ಆದರೂ ಇಡೀ ನೌಕರಿಯಲ್ಲಿ ನನ್ನನ್ನು ನೆಲಕ್ಕೆ ಕೆಡವಿದ್ದು ಇದೊಂದೇ.

ಗುರುನಾಥ ನನ್ನ ಜೊತೆಗೇ ನೌಕರಿಗೆ ಸೇರಿದವನು, ವಡೋದರಾ ಶಾಖೆಯಲ್ಲಿದ್ದ. ಮನೆ ಅದೇ ಊರಿನ ಫತೇಗಂಜ್‌ನಲ್ಲಿ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿ ಅವನು ಮತ್ತು ಮಗಳು ನಂದಿತಾ. ಆಕೆಗೆ ಆಗ ಇಪ್ಪತ್ತನಾಲ್ಕು, ಅಲ್ಲೇ ಓದಿ ಅಲ್ಲೇ ಟೀಚರ್ ಆದವಳು. ಗುಜರಾತಿ, ಇಂಗ್ಲಿಷ್ ಸಲೀಸು; ಕನ್ನಡ ಮಾತ್ರ ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ. ಗುರುನಾಥನಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಅಹಮದಾಬಾದಿನ ವೈದ್ಯರು ಹೇಳಿದರು.

ಆಪರೇಷನ್ ಆದ ಮೇಲೆ ಮಾತಿಲ್ಲ. ಆದರೆ ಮೊದಲೇ ಧ್ವನಿ ಮುದ್ರಿಸಿಟ್ಟರೆ, ಮುಂದೆ ಫೋನಿನಲ್ಲಿ ಟೈಪ್ ಮಾಡಿದ್ದನ್ನು ಅದೇ ಧ್ವನಿಯಲ್ಲಿ ನುಡಿಯುವ ಸಾಫ್ಟ್‌ವೇರ್ ಇದೆ. ಸ್ಪೀಚ್ ಥೆರಪಿಸ್ಟ್ ಕೊಟ್ಟ ಪಟ್ಟಿ ಹಿಡಿದು, ಗಂಟಲು ಪೂರಾ ಕಟ್ಟುವ ಮೊದಲೇ, ಅವನು ಮನೆಯ ಕಂಪ್ಯೂಟರ್ ಮುಂದೆ ಕೂತು ಆರುನೂರ ನಲವತ್ತು ವಾಕ್ಯ ಓದಿದ್ದ. ಆ ಲೆಕ್ಕದೊಳಗೇ ಪಟ್ಟಿಯಲ್ಲಿಲ್ಲದ್ದನ್ನೂ ಸೇರಿಸಿದ್ದ: ‘ನಂದಾ, ಊಟಾ ಆತೇನು’, ‘ನಂದಾ, ಬಾಗಲಾ ತಗಿ’. ಮಗಳ ಮದುವೆಯಲ್ಲೂ ನನ್ನ ದನಿಯಲ್ಲೇ ಬೈಯಬೇಕಲ್ಲೋ ಎಂದು ಫೋನಿನಲ್ಲಿ ನಕ್ಕಿದ್ದ.

ಆಗಸ್ಟ್‌ನಲ್ಲಿ ಆಸ್ಪತ್ರೆಯಿಂದ ದಿಢೀರನೆ ಕರೆ ಬಂತು: ಬೆಡ್ ಖಾಲಿಯಾಗಿದೆ, ನಾಳಿದ್ದೇ ಆಪರೇಷನ್. ಅಪ್ಪ ಮಗಳು ಗಡಿಬಿಡಿಯಲ್ಲಿ ಅಹಮದಾಬಾದಿಗೆ ಹೊರಟರು. ಧ್ವನಿಯ ಫೈಲುಗಳು ಮನೆಯ ಕಂಪ್ಯೂಟರಿನಲ್ಲೇ ಉಳಿದವು. ಮರುದಿನ ಥೆರಪಿಸ್ಟ್ ಬಂದು, ಸಂಜೆ ನಾಲ್ಕರೊಳಗೆ ಕೊಟ್ಟರೆ ಪರೀಕ್ಷಿಸುತ್ತೇನೆ, ಕೊರತೆ ಕಂಡರೆ ಇವತ್ತೇ ಒಂದಿಷ್ಟು ಓದಿಸಬಹುದು, ನಾಳೆ ಬೆಳಿಗ್ಗೆ ಕಳೆದರೆ ಏನೂ ಆಗದು ಎಂದರು. ಅಪ್ಪನಿಗೆ ಒಂದರ ಹಿಂದೊಂದು ಟೆಸ್ಟ್; ನಂದಿತಾ ಬಿಟ್ಟು ಹೋಗುವಂತಿರಲಿಲ್ಲ. ನನಗೆ ಫೋನ್ ಮಾಡಿದಳು.

ನಾನು ಸೂರತ್ತಿನ ಕತಾರ್‌ಗಾಮ್ ಶಾಖೆಯಲ್ಲಿ ಕೆಟ್ಟ ಸರ್ವರ್ ಎದುರಿಗಿದ್ದೆ. ವಿಪಿಎನ್ ಹಾಕೋಣ ಎಂದೆ. ಇಂಟರ್ನೆಟ್ಟಿನೊಳಗೇ ನಮ್ಮಷ್ಟಕ್ಕೆ ಮಾಡಿಕೊಳ್ಳುವ ಖಾಸಗಿ ದಾರಿ ಅದು. ಕೂಡಿತೆಂದರೆ ದೂರದ ಲ್ಯಾಪ್‌ಟಾಪ್ ಮನೆಯ ನೆಟ್‌ವರ್ಕಿನಲ್ಲೇ ಇದ್ದಂತೆ ಕೆಲಸ ಮಾಡುತ್ತದೆ. ಕೋವಿಡ್ ಕಾಲದಲ್ಲಿ ಗುರುನಾಥನ ರೌಟರ್‌ನಲ್ಲಿ ನಾನೇ ಅದನ್ನು ಸಿದ್ಧಮಾಡಿಟ್ಟಿದ್ದೆ. ಪಕ್ಕದ ಮನೆಯ ಜಸುಬೆನ್ ಹತ್ತಿರ ಕೀಲಿ ಇತ್ತು. ಆ ಮುದುಕಿ ಹೋಗಿ ಕಂಪ್ಯೂಟರ್ ಚಾಲೂ ಮಾಡಿ ಬಂದರು. ಉಳಿದದ್ದು ನಂದಿತಾಳ ಲ್ಯಾಪ್‌ಟಾಪ್‌ನಲ್ಲಿ ಆಗಬೇಕಿತ್ತು. ಕಚೇರಿಯ ಯಂತ್ರದಿಂದ ಖಾಸಗಿ ವಿಪಿಎನ್ ಹಾಕುವುದು ನಿಷಿದ್ಧ, ಆ ಸುತ್ತೋಲೆಗೆ ಸಹಿ ಹಾಕಿದವನೂ ನಾನೇ. ಅರ್ಧ ದಿನ ರಜೆ ಹಾಕಿ, ಮನೆಗೆ ಹೋಗಿ ನನ್ನ ಲ್ಯಾಪ್‌ಟಾಪ್‌ನಿಂದ ನಾನೇ ಮಾಡಬಹುದಿತ್ತು. ಫೋನಿನಲ್ಲೇ ಆಗುತ್ತದೆ ಬಿಡು ಅಂದುಕೊಂಡೆ.

ಮೊದಲ ಮಾತಿಗೇ ಅವಳು ಇಂಗ್ಲಿಷ್ ಶುರು ಮಾಡಿದಳು. ನಾನು ಗದರಿದೆ. ಧಾರವಾಡದವರ ಮಗಳಾಗಿ ನಾಲ್ಕು ಮಾತು ಕನ್ನಡ ಬರಬಾರದೇ, ನಿಮ್ಮಪ್ಪ ಅಷ್ಟು ಸಂಕಟಪಟ್ಟು ಓದಿದ್ದು ಯಾವ ಭಾಷೆ ಎಂದೆಲ್ಲ ಅಂದೆ. ಪಾಪ, ‘ಹೂಂ ಕಾಕಾ’ ಎಂದಳು. ಆಮೇಲೆ ತಿಳಿಯದ್ದನ್ನೂ ಕೇಳಲಿಲ್ಲ.

ವಿಪಿಎನ್ ಕೂಡಿದರೂ ಮನೆಯ ಕಂಪ್ಯೂಟರ್ ಕಾಣಲಿಲ್ಲ. ಎರಡು ತಾಸು ತಲೆ ಚಚ್ಚಿಕೊಂಡ ಮೇಲೆ ಹೊಳೆಯಿತು: ಆಸ್ಪತ್ರೆಯ ವೈಫೈ ಮತ್ತು ಮನೆಯ ರೌಟರ್ ಒಂದೇ ನಮೂನೆಯ ಐಪಿ ವಿಳಾಸ ಹಂಚುತ್ತಿದ್ದವು. ಎರಡು ಓಣಿಗೆ ಒಂದೇ ಮನೆ ನಂಬರು ಇದ್ದ ಹಾಗೆ. ಲ್ಯಾಪ್‌ಟಾಪ್ ಗುರುನಾಥನ ಕಂಪ್ಯೂಟರನ್ನು ಆಸ್ಪತ್ರೆಯೊಳಗೇ ಹುಡುಕುತ್ತಿತ್ತು. ವೈಫೈ ಬಿಟ್ಟು ಅಪ್ಪನ ಫೋನಿನ ಹಾಟ್‌ಸ್ಪಾಟ್‌ಗೆ ಹೋಗು ಎಂದೆ. ಅಲ್ಲಿ ಸಿಗ್ನಲ್ ಅಷ್ಟಕ್ಕಷ್ಟೇ, ಅವಳ ಪರದೆಯನ್ನು ನಾನು ನೋಡುವ ಹಾಗಿರಲಿಲ್ಲ. ಮೂರು ಗಂಟೆ ಐದು ನಿಮಿಷಕ್ಕೆ, ಪಪ್ಪನ ಫೋಲ್ಡರ್ ಕಾಣಿಸ್ತು ಎಂದಳು. ನನಗೆ ಎಲ್ಲಿಲ್ಲದ ಖುಷಿ. ವಾಕ್ಯಗಳೆಲ್ಲ ಒಳಗಿವೆಯೋ ನೋಡಬೇಕಿತ್ತು.

“ಆ ಫೋಲ್ಡರ್ ತಗಿ, ನಂದಾ” ಎಂದೆ.

“ಕಾಕಾ, ‘ಆರ್ ಯು ಶೂರ್’ ಅಂತ ಕೇಳ್ತಿದೆ.”

ಬೆಳಗಿನಿಂದ ವಿಂಡೋಸ್ ಹೆಜ್ಜೆಗೊಂದು ಒಪ್ಪಿಗೆ ಕೇಳುತ್ತಲೇ ಇತ್ತು. ನನ್ನ ತಾಳ್ಮೆ ಮುಗಿದಿತ್ತು. ಏನು ಬರೆದಿದೆ, ಪೂರ್ತಿ ಓದು ಎನ್ನಲಿಲ್ಲ.

“ಯಸ್ ಅನ್ನು. ಎಷ್ಟು ಸಲ ಹೇಳಬೇಕು ನಿನಗ?”

ಹಸಿರು ಗೆರೆ ಓಡುತ್ತಿದೆ ಎಂದಳು. ಓಡಲಿ ಎಂದೆ. ಒಂದು ನಿಮಿಷ ಬಿಟ್ಟು ಕೇಳಿದಳು: “ಎಲ್ಲಾ ಹೋಯ್ತು ಕಾಕಾ. ಈಗ ಏನು ಮಾಡ್ಲಿ?”

ಅವರ ಮನೆಯಲ್ಲಿ ‘ತಗಿ’ ಎಂದರೆ ತಾಟು ತಗಿ, ಕಸ ತಗಿ, ಒಣಗಿದ ಬಟ್ಟೆ ತಗಿ. ತೆರೆಯುವುದೆಂಬ ಅರ್ಥ ಅವಳಿಗೆ ಬಾಗಿಲಿಗೆ ಮಾತ್ರ ಗೊತ್ತಿತ್ತು. ಕಾಕಾ ಎಲ್ಲೋ ಕಾಪಿ ಮಾಡಿಕೊಂಡಿದ್ದಾರೆ, ಅದಕ್ಕೇ ಅಳಿಸಲು ಹೇಳುತ್ತಿದ್ದಾರೆ ಎಂದು ನಂಬಿ ಅಳಿಸಿದ್ದಳು.

ನೆಟ್‌ವರ್ಕಿನ ಮೂಲಕ ಅಳಿಸಿದ್ದು ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಹೋಗಿಬಿಡುತ್ತದೆ. ಕಂಪ್ಯೂಟರಿಗೆ ಯಾರೂ ಕೈಹಚ್ಚಬೇಡಿ ಎಂದು ಹೇಳಿ ಸಿಕ್ಕ ರೈಲು ಹಿಡಿದು ವಡೋದರಾಕ್ಕೆ ಓಡಿದೆ. ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ ಗುರುತಾದರೂ ಉಳಿದಿರುತ್ತಿತ್ತು. ಅಲ್ಲಿದ್ದದ್ದು ಹೊಸ ನಮೂನೆಯ ಎಸ್‌ಎಸ್‌ಡಿ, ಅಳಿಸಿದ ಜಾಗವನ್ನು ಅದು ತಾನೇ ತೊಳೆದುಬಿಡುತ್ತದೆ. ಹಿಂದಿನ ದೀಪಾವಳಿಗೆ, ಕಂಪ್ಯೂಟರ್ ಚುರುಕಾಗಲಿ ಎಂದು ಅದನ್ನು ಹಾಕಿಕೊಟ್ಟವನೂ ನಾನೇ. ರಿಕವರಿ ಸಾಫ್ಟ್‌ವೇರ್ ಆರುನೂರ ನಲವತ್ತೂ ಹೆಸರು ತೋರಿಸಿತು. ಒಂದೊಂದೇ ಹಚ್ಚಿ ಕೇಳಿದೆ, ಒಂದರಲ್ಲೂ ದನಿಯಿಲ್ಲ. ಅವನ ಕುರ್ಚಿಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಅದೇ ಸಂಜೆ ಆಸ್ಪತ್ರೆಯಲ್ಲಿ ಗುರುನಾಥ ಉಳಿದ ಗಂಟಲಲ್ಲೇ ಓದಲು ನೋಡಿದ. ಹದಿನೇಳು ವಾಕ್ಯಕ್ಕೆ ನಿಂತುಹೋಯಿತು. ಆ ಗೊಗ್ಗರು ದನಿ ಸಾಲದು ಎಂದರು ಥೆರಪಿಸ್ಟ್. ನಾನು ಫೋನ್ ಮಾಡಿ, ತಪ್ಪು ನನ್ನದು, ಹುಡುಗಿಯದಲ್ಲ ಎಂದೆ.

“ಆಕಿಗೆ ಬೈಬ್ಯಾಡಲೇ” ಎಂದ, ಅಷ್ಟೇ. ಅವನ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದು.

ಬ್ಯಾಕಪ್ ಇಲ್ಲದೆ ಯಾವ ಫೈಲನ್ನೂ ಮುಟ್ಟಬೇಡಿ ಎಂದು ನೂರಾರು ಜನರಿಗೆ ತರಬೇತಿ ಕೊಟ್ಟವನು ನಾನು. ಆ ದಿನ ಕಲಿತದ್ದು ಇನ್ನೂ ಸಣ್ಣ ಪಾಠ. ನಾನು ಹೇಳಿದ್ದು ಎದುರಿನವರಿಗೆ ಏನೆಂದು ಕೇಳಿಸಿತು ಎಂಬುದನ್ನು ಅವರ ಬಾಯಿಂದಲೇ ಹೇಳಿಸದೆ ಮುಂದೆ ಹೋಗಬಾರದು. ನಿವೃತ್ತಿಯವರೆಗೂ ಹಾಗೇ ಮಾಡಿದೆ. ಅದರಿಂದ ಗುರುನಾಥನಿಗೆ ಏನೂ ಬರಲಿಲ್ಲ.

ಕಳೆದ ತಿಂಗಳು ಫತೇಗಂಜ್‌ಗೆ ಹೋಗಿ ಬೆಲ್ ಒತ್ತಿದೆ. ಈಗ ಅವನ ಫೋನು ರೆಡಿಮೇಡ್ ದನಿಯಲ್ಲಿ ಮಾತಾಡುತ್ತದೆ, ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಂಥ ಯಾರದೋ ದನಿ. ಒಳಗಿನಿಂದ ಅದು ಹೇಳಿತು: “ನಂದಾ, ಬಾಗಲಾ ತಗಿ.” ನಂದಿತಾ ಬಂದು ಬಾಗಿಲು ತೆರೆದು, “ಆವೋ ಕಾಕಾ” ಎಂದು ಗುಜರಾತಿಯಲ್ಲೇ ಒಳಗೆ ಕರೆದಳು. ಆ ದಿನದ ಮೇಲೆ ಅವಳು ನನ್ನ ಹತ್ತಿರ ಒಂದು ಮಾತೂ ಕನ್ನಡದಲ್ಲಿ ಆಡಿಲ್ಲ. ಆಡು ಎಂದು ಹೇಳಲು ನನಗೂ ಮುಖವಿಲ್ಲ.