ಇಸ್ಫಹಾನಿನ ಮೂಲೆಯಲ್ಲಿ ಕೇಳಿದ ದನಿ

ಇದು ನನಗೇ ಆದದ್ದು. ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ನಮ್ಮ ಮನೆಗೆ ಬಾರ್ಬೆಕ್ಯೂ ಊಟಕ್ಕೆ ಬರುವ ಗೆಳೆಯರು ‘ಬುರುಡೆ ಬಿಡಬೇಡ ಮಾರಾಯ’ ಅನ್ನುತ್ತಾರೆ. ಅನ್ನಲಿ. ನಾನು ಕಟ್ಟಡಗಳ ಇಂಜಿನಿಯರ್, ದೆವ್ವದ ಕತೆ ಕಟ್ಟಿ ನನಗೇನೂ ಆಗಬೇಕಾಗಿಲ್ಲ.

2016ರಲ್ಲಿ ಹೆಂಡತಿ ಸುಮಾ, ಏಳು ವರ್ಷದ ಮಗಳು ಅದಿತಿಯೊಂದಿಗೆ ಇರಾನಿನ ಇಸ್ಫಹಾನಿಗೆ ಹೋಗಿದ್ದೆ. ಅಲ್ಲಿನ ಹಳೆಯ ಚೌಕ ಎಷ್ಟು ದೊಡ್ಡದೆಂದರೆ, ಆ ತುದಿಯ ಜನ ಇರುವೆಗಳಂತೆ ಕಾಣುತ್ತಾರೆ. ದಕ್ಷಿಣಕ್ಕೆ ನೀಲಿ ಗುಮ್ಮಟದ ಮಸೀದಿ, ಉತ್ತರಕ್ಕೆ ಬಜಾರು, ಪಶ್ಚಿಮಕ್ಕೆ ಅರಮನೆ. ಅರಮನೆಯ ಕಮಾನಿನ ಕೆಳಗೊಂದು ಚೋದ್ಯವಿದೆ. ಒಂದು ಮೂಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, ಎದುರು ಮೂಲೆಯಲ್ಲಿ ನಿಂತವರಿಗೆ ಕಿವಿಯಲ್ಲೇ ಹೇಳಿದಂತೆ ಕೇಳುತ್ತದೆ.

ಹೊತ್ತು ಮುಳುಗಿತ್ತು. ತಾಮ್ರ ಬಡಿಯುವ ಸದ್ದು, ಕುದುರೆ ಲದ್ದಿಯ ವಾಸನೆ, ನಡುವೆ ಎಲ್ಲಿಂದಲೋ ಗುಲಾಬಿ ನೀರಿನ ಘಮ... ಅದಿತಿಯನ್ನು ಎದುರು ಮೂಲೆಯಲ್ಲಿ ನಿಲ್ಲಿಸಿ ಪಿಸುಗುಟ್ಟಿದೆ.

“ಪುಟ್ಟೀ, ಹಸಿವಾಯ್ತಾ?”

“ಸ್ಟಾರ್ವಿಂಗ್, ಅಪ್ಪಾ!”

ಅಷ್ಟರಲ್ಲಿ ಪ್ರವಾಸಿಗರ ಗುಂಪೊಂದು ನಡುವೆ ನುಗ್ಗಿತು. ಗುಂಪು ಸರಿದಾಗ ಆ ಮೂಲೆ ಖಾಲಿಯಾಗಿತ್ತು.

ಕೂಗಿದೆ. ಓಡಿದೆ. ಸಿಕ್ಕವರಿಗೆಲ್ಲ ಫೋಟೋ ತೋರಿಸಿದೆ. ಸುಮಾ ಅಳುತ್ತಾ ಬಜಾರಿನ ಕಡೆ ಹೋದಳು. ಮುಕ್ಕಾಲು ಗಂಟೆಯಾಯಿತು. ಭಾಷೆ ಬಾರದ ಊರು, ಕತ್ತಲು... ನಂಬದ ದೇವರಿಗೆಲ್ಲ ಹರಕೆ ಹೊತ್ತೆ. ಕೊನೆಗೆ ದಿಕ್ಕೇ ತೋಚದೆ, ಹುಚ್ಚನಂತೆ ನಾನು ಮೊದಲು ಪಿಸುಗುಟ್ಟಿದ್ದ ಮೂಲೆಗೇ ಬಂದು ಇಟ್ಟಿಗೆಗೆ ಹಣೆಯಿಟ್ಟೆ.

“ಪುಟ್ಟೀ... ಎಲ್ಲಿದ್ದೀಯೇ?”

“ಅಪ್ಪಾ, ಮಸೀದಿ ಒಳಗೆ ನೀರಿನ ತೊಟ್ಟಿ ಹತ್ರ ಕೂತಿದ್ದೀನಿ. ತುಂಬಾ ಚಳಿ ಆಗ್ತಿದೆ. ಬೇಗ ಬಾ.”

ಅವಳದೇ ದನಿ! ತಿರುಗಿ ನೋಡಿದೆ, ಎದುರು ಮೂಲೆಯಲ್ಲಿ ಯಾರೂ ಇರಲಿಲ್ಲ. ಯೋಚಿಸುತ್ತ ನಿಲ್ಲದೆ ಮಸೀದಿಯ ಕಡೆ ಓಡಿದೆ. ಅರ್ಧ ದಾರಿಯಲ್ಲಿ ಫೋನ್ ಬಂತು.

“ಸಿಕ್ಬಿಟ್ಳು ಕಣ್ರೀ! ಬಜಾರಲ್ಲಿ, ಕಾರ್ಪೆಟ್ ಅಂಗಡಿ ಅಂಕಲ್ ಹತ್ರ ಟೀ ಕುಡೀತಾ ಕೂತಿದ್ದಾಳೆ. ಬಂದ್ಬಿಡಿ!”

ಹಾಗೇ ಹಿಂದಕ್ಕೆ ಓಡಿದೆ. ಮಗಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

“ಮಸೀದಿಗೆ ಹೋಗಿದ್ಯಾ ಪುಟ್ಟೀ?”

“ನೋ, ಅಪ್ಪಾ. ಐ ವಾಸ್ ಹಿಯರ್ ದ ಹೋಲ್ ಟೈಮ್.”

ಆಗ ಹೊಳೆಯಿತು. ಬ್ರಿಸ್ಬೇನಿನಲ್ಲೇ ಹುಟ್ಟಿದ ಅದಿತಿಗೆ ಕನ್ನಡ ಅರ್ಥವಾಗುತ್ತದೆ, ಅಷ್ಟೇ. ಅಪ್ಪ, ಅಮ್ಮ ಎನ್ನುವುದು ಬಿಟ್ಟರೆ ಅವಳ ಬಾಯಿಂದ ಒಂದು ಇಡೀ ಕನ್ನಡ ವಾಕ್ಯವನ್ನು ನಾನು ಕೇಳಿಯೇ ಇರಲಿಲ್ಲ. ಗಾಬರಿಯಲ್ಲಿ ಹೆತ್ತಪ್ಪನಿಗೇ ಅದು ಮರೆತುಹೋಗಿತ್ತು.

ಗೆಳೆಯರು ಭ್ರಮೆ ಅನ್ನುತ್ತಾರೆ. ಇರಬಹುದು... ಆದರೆ ನನ್ನನ್ನು ಕೊರೆಯುವುದು ಅದಲ್ಲ. ನನ್ನ ಮಗಳು ಸಿಕ್ಕಳೆಂದು ನಾನು ಅರ್ಧ ದಾರಿಯಿಂದಲೇ ತಿರುಗಿದೆ, ಮಸೀದಿಯೊಳಗೆ ಇಣುಕಿ ಕೂಡ ನೋಡಲಿಲ್ಲ. ಚಳಿಯಲ್ಲಿ ಕೂತು ನನ್ನನ್ನು ಅಪ್ಪಾ ಎಂದು ಕರೆದ ಆ ಮಗು ಯಾರದೇ ಆಗಿರಲಿ... ಅದನ್ನು ಕರೆತರಲು ಯಾರೂ ಹೋಗಲಿಲ್ಲ.